ಆತ್ಮಹತ್ಯಾ ನಿವಾರಣ ಸಹಾಯವಾಣಿ

ಆತ್ಮಹತ್ಯಾ ನಿವಾರಣ ಸಹಾಯವಾಣಿ ಎಂಬುದು, ಜೀವವನ್ನು ಕೊನೆಗಾಣಿಸಿಕೊಳ್ಳುವ ಯೋಚನೆಯಿಂದ ಪೀಡಿತರಾದವರು ತಮ್ಮ ಹೆಸರು, ಕುಲ, ವಾಸಸ್ಥಾನಗಳನ್ನು ತಿಳಿಸಲೇಬೇಕೆಂಬ ನಿರ್ಬಂಧವಿಲ್ಲದೆ, ದೂರವಾಣಿಯಿಂದಲೋ ಲಿಖಿತ ಸಂದೇಶದಿಂದಲೋ, ತರಬೇತಿ ಪಡೆದ ಅಪರಿಚಿತ ವ್ಯಕ್ತಿಯೊಬ್ಬರೊಡನೆ ಮಾತನಾಡಲು ಅನುವಾಗುವಂತೆ ನಡೆಸುವ ಸಂಘಟಿತ ಸೇವೆ. ಅಪಘಾತ, ಬೆಂಕಿ, ಹೃದಯಾಘಾತಗಳಂಥ ಸಂದರ್ಭಗಳಲ್ಲಿ ಕರೆಯುವ ತುರ್ತುಸೇವೆಯಿಂದ ಇದು ಭಿನ್ನವಾದುದು. ಮನೋವೈದ್ಯರ ಚಿಕಿತ್ಸೆಗೆ ಪ್ರತಿಯಾಗಿ ನಿಲ್ಲತಕ್ಕದ್ದೂ ಅಲ್ಲ. ಈ ಲೇಖನದಲ್ಲಿ ‘ಬಿಕ್ಕಟ್ಟು’ ಎಂದರೆ ಸಾಯುವ ಇಚ್ಛೆಯು ಸಂಕಲ್ಪದ ಅಂಚಿಗೆ ಬಂದಿರುವ ಅವಧಿ. ‘ಆಲಿಸುವವರು’ ಎಂದರೆ ಕರೆಯನ್ನು ಸ್ವೀಕರಿಸುವ ಸ್ವಯಂಸೇವಕರು ಅಥವಾ ಆಪ್ತಸಮಾಲೋಚಕರು.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ವರ್ಷವೊಂದಕ್ಕೆ 7 ಲಕ್ಷಕ್ಕೂ ಹೆಚ್ಚು ಮಂದಿ ಆತ್ಮಹತ್ಯೆಯಿಂದ ಮೃತರಾಗುತ್ತಾರೆ. ಭಾರತದಲ್ಲಿ 2022ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕಕ್ಕೆ ತೆಗೆದುಕೊಂಡ ಇಂಥ ಮರಣಗಳು 1,70,924. ಅವುಗಳಲ್ಲಿ ಕರ್ನಾಟಕದವು 13,606. ಪೊಲೀಸ್ ಠಾಣೆಯಲ್ಲಿ ದಾಖಲಾದವಷ್ಟೇ ಈ ಗಣನೆಗೆ ಬರುವುದರಿಂದ, ನಿಜಸಂಖ್ಯೆ ಇದಕ್ಕಿಂತ ಹೆಚ್ಚೆಂದು ಈ ವಿಷಯವನ್ನು ಅಭ್ಯಸಿಸಿದವರು ಸಾಮಾನ್ಯವಾಗಿ ಒಪ್ಪುತ್ತಾರೆ.

ಸಹಾಯವಾಣಿಯ ಕಲ್ಪನೆಯು ಎರಡು ತಿಳಿವಳಿಕೆಗಳ ಮೇಲೆ ನಿಂತಿದೆ. ಸಾಯಬೇಕೆಂಬ ಇಚ್ಛೆಯೂ ಬದುಕಬೇಕೆಂಬ ಇಚ್ಛೆಯೂ ಒಂದೇ ಮನಸ್ಸಿನಲ್ಲಿ ಏಕಕಾಲಕ್ಕೆ ಇರುವುವೆಂಬುದು ಮೊದಲನೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಈ ದ್ವಂದ್ವಭಾವವನ್ನೇ ತನ್ನ ವಿಚಾರದ ತಳಹದಿಯನ್ನಾಗಿ ಮಾಡಿಕೊಂಡು, ಆತ್ಮಹತ್ಯೆಗೆ ಮುಂದಾದವನು ಮರಣವನ್ನು ಬಯಸುವುದಕ್ಕಿಂತ ಹೆಚ್ಚಾಗಿ ಸಹಿಸಲಾಗದ ಮನೋವೇದನೆಯ ನಿಲುಗಡೆಯನ್ನು ಬಯಸುತ್ತಾನೆಂದು ಪ್ರತಿಪಾದಿಸಿದನು. ಬಿಕ್ಕಟ್ಟಿನ ಪರಾಕಾಷ್ಠೆ ಬಹುಮಂದಿಯಲ್ಲಿ ಅಲ್ಪಕಾಲಿಕವಾದುದೆಂಬುದು ಎರಡನೆಯ ತಿಳಿವಳಿಕೆ. ಆ ಅವಧಿಯನ್ನು ದಾಟಿಸಿದರೆ ವೇದನೆಯ ಕಾರಣಗಳು ಹಾಗೆಯೇ ಉಳಿದರೂ ಸಂಕಲ್ಪದ ಬಿಗಿ ಸಡಿಲವಾಗುತ್ತದೆ.

ಸಹಾಯವನ್ನು ಅಪರಿಚಿತರಿಂದ ಪಡೆಯುವುದೇತಕ್ಕೆಂಬುದಕ್ಕೆ ಉತ್ತರ ಮನೆಯೊಳಗೇ ಇದೆ. ತಾಯಿ ಕೇಳಿದರೆ ಎದೆಯೊಡೆದುಕೊಂಡಾಳೆಂಬ ಅಳುಕು, ನೆರೆಹೊರೆಯ ಬಾಯಿಗೆ ಬಿದ್ದರೆ ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಭಯ, ಸ್ನೇಹಿತನು ಹಗುರವಾಗಿ ಕಂಡಾನೆಂಬ ಸಂಕೋಚ, ಗಂಡನ ಮನೆಯವರ ಎದುರು ಬಾಯಿಬಿಡಲಾಗದ ಸ್ಥಿತಿ, ಇವೆಲ್ಲವೂ ಆಪ್ತರಾದವರನ್ನೇ ಹೇಳಿಕೊಳ್ಳಲು ಆಗದವರನ್ನಾಗಿ ಮಾಡುತ್ತವೆ. ನಾಳೆ ಬೀದಿಯಲ್ಲಿ ಎದುರಾಗದ, ಹೆಸರು ಕೇಳದ ವ್ಯಕ್ತಿಯೆದುರಿಗೆ ಈ ಅಡೆತಡೆಗಳು ಬಹುಮಟ್ಟಿಗೆ ಇಲ್ಲವಾಗುತ್ತವೆ. ಅಜ್ಞಾತತ್ವವು ಈ ಸೇವೆಗೆ ಹೊರಗಿನಿಂದ ಸೇರಿಸಿದ ಅನುಕೂಲವಲ್ಲ. ಸೇವೆಯು ಫಲ ಕೊಡುವುದೇ ಅದರಿಂದ.

ಉಗಮ

ಆತ್ಮಹತ್ಯೆಯನ್ನು ತಡೆಯಲೆಂದೇ ಹುಟ್ಟಿದ ಸಂಸ್ಥೆಗಳು, ಈ ಕೆಲಸಕ್ಕೆ ದೂರವಾಣಿಯನ್ನು ಬಳಸತೊಡಗಿದುದಕ್ಕಿಂತ ಹಿಂದಿನವು. ನ್ಯೂಯಾರ್ಕಿನಲ್ಲಿ 1906ರಲ್ಲಿ ಪಾದ್ರಿ ಹ್ಯಾರಿ ವಾರನ್ ಒಂದು ಜೀವರಕ್ಷಕ ಸಂಘವನ್ನು ಕಟ್ಟಿದನು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಸಾಲ್ವೇಶನ್ ಆರ್ಮಿ ಇದೇ ಉದ್ದೇಶದ ಕಾರ್ಯಾಲಯವನ್ನು ತೆರೆಯಿತು. ವಿಯೆನ್ನಾದಲ್ಲಿ ವಿಕ್ಟರ್ ಫ್ರಾಂಕ್ಲ್ 1928ರಿಂದ ತರುಣರಿಗಾಗಿ ಉಚಿತ ಸಲಹಾಕೇಂದ್ರಗಳನ್ನು ನಡೆಸಿದನು, ಎರಡನೆಯ ಮಹಾಯುದ್ಧದ ತರುವಾಯ ಅದೇ ನಗರದಲ್ಲಿ ಎರ್ವಿನ್ ರಿಂಗೆಲ್ ಎಂಬ ಮನೋವೈದ್ಯನು ಬದುಕಿನಿಂದ ಬೇಸತ್ತವರಿಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದನು. ಇವುಗಳಲ್ಲಿ ಬಹುಮಟ್ಟಿಗೆ ನೊಂದವನು ತಾನೇ ಬಾಗಿಲಿಗೆ ಬಂದು, ಮುಖ ತೋರಿಸಿ, ಕುಳಿತು ಮಾತನಾಡಬೇಕಾಗಿತ್ತು.

ಈ ಕೊರತೆಯನ್ನು ನೀಗಿಸಿದವನು ಆಂಗ್ಲಿಕನ್ ಪಂಥದ ಪಾದ್ರಿ ಚಾಡ್ ವಾರಾ (1911–2007). 1935ರಲ್ಲಿ ಲಿಂಕನ್ ನಗರದಲ್ಲಿ ಕಿರಿಯ ಪಾದ್ರಿಯಾಗಿದ್ದಾಗ ಆತನು ನೆರವೇರಿಸಬೇಕಾಗಿ ಬಂದ ಅಂತ್ಯಸಂಸ್ಕಾರವೊಂದು ಹದಿಹರೆಯದ ಹುಡುಗಿಯದು. ಋತುಮತಿಯಾದುದನ್ನು ಗುಹ್ಯರೋಗವೆಂದು ತಪ್ಪು ತಿಳಿದು, ಕೇಳುವುದಕ್ಕೆ ಯಾರೂ ಇಲ್ಲದೆ, ಆಕೆ ಪ್ರಾಣ ಕಳೆದುಕೊಂಡಿದ್ದಳು. ಹದಿನೆಂಟು ವರ್ಷಗಳ ಅನಂತರ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಚರ್ಚಿನ ಗುರುವಾಗಿ ನೇಮಕಗೊಂಡ ವಾರಾ, ‘ಮ್ಯಾನ್ಶನ್ ಹೌಸ್ 9000’ ಎಂಬ ಸಂಖ್ಯೆಯ ದೂರವಾಣಿಯನ್ನಿಟ್ಟುಕೊಂಡು 1953ರ ನವೆಂಬರ್ 2ರಂದು ಮೊದಲ ಕರೆಯನ್ನು ಸ್ವೀಕರಿಸಿದನು. ಆಗ ಇಂಗ್ಲೆಂಡಿನಲ್ಲಿ ಆತ್ಮಹತ್ಯೆ ಕಾನೂನಿನ ಕಣ್ಣಿಗೆ ಅಪರಾಧವಾಗಿತ್ತೆಂಬುದನ್ನೂ, ಅದು ಅಪರಾಧವಲ್ಲವೆಂದು ಪಾರ್ಲಿಮೆಂಟು ವಿಧಿಸಿದ್ದು 1961ರಲ್ಲೆಂಬುದನ್ನೂ ನೆನೆದರೆ, ಹೆಸರು ಕೇಳದೆ ಆಲಿಸುವ ವಾಗ್ದಾನಕ್ಕೆ ಅಂದು ಇದ್ದ ಬೆಲೆ ವಿಶದವಾಗುತ್ತದೆ.

ಸೇವೆಯ ಈಗಿನ ಸ್ವರೂಪವಾದರೋ ಯೋಜನೆಯಿಂದ ಬಂದುದಲ್ಲ. ವಾರಾನ ಭೇಟಿಗಾಗಿ ಹೊರಕೋಣೆಯಲ್ಲಿ ಕಾದಿರುತ್ತಿದ್ದವರಿಗೆ ಚಹ ಕೊಟ್ಟು ಜೊತೆಯಲ್ಲಿ ಕುಳಿತಿರುತ್ತಿದ್ದ ಸ್ವಯಂಸೇವಕರು ಇದ್ದರು. ಅವರೊಡನೆ ಮಾತನಾಡಿದ ಅನೇಕರು ಒಳಗೆ ಹೋಗುವ ಅಗತ್ಯವೇ ಇಲ್ಲವೆಂದು ಸಮಾಧಾನಗೊಂಡು ಮರಳುವುದನ್ನು ವಾರಾ ಗಮನಿಸಿದನು. ವೃತ್ತಿಪರನ ಸಲಹೆಗಿಂತ ಸಾಮಾನ್ಯರ ತಾಳ್ಮೆಯ ಕಿವಿ ಬಹುಮಂದಿಗೆ ಸಾಕಾಗುವುದೆಂದು ಕಂಡುಕೊಂಡು, 1954ರ ಫೆಬ್ರುವರಿಯಲ್ಲಿ ಆತನು ದೂರವಾಣಿಯನ್ನು ಅವರ ಕೈಗೆ ಒಪ್ಪಿಸಿದನು. ಪತ್ರಿಕೆಯೊಂದು ಇಟ್ಟ ‘ಸಮರಿಟನ್ಸ್’ ಎಂಬ ಹೆಸರೇ ಸಂಸ್ಥೆಗೆ ನಿಂತಿತು. ಸ್ಥಾಪಕನು ಪಾದ್ರಿಯಾಗಿದ್ದರೂ ಕರೆ ಮಾಡಿದವರಿಗೆ ಧರ್ಮಬೋಧೆ ಮಾಡಕೂಡದೆಂಬುದು ಸಂಸ್ಥೆಯ ನಿಯಮವಾಯಿತು.

ಪ್ರಸಾರ

ಜರ್ಮನಿಯಲ್ಲಿ 1956ರಲ್ಲಿ ಬರ್ಲಿನ್ನಿನಿಂದ ಇಂಥ ದೂರವಾಣಿ ಸೇವೆ ಆರಂಭವಾಯಿತು. 1958ರಲ್ಲಿ ಶ್ನೈಡ್‌ಮನ್, ನಾರ್ಮನ್ ಫಾರ್ಬರೋ, ರಾಬರ್ಟ್ ಲಿಟ್‌ಮನ್ ಎಂಬ ಮೂವರು ಲಾಸ್ ಏಂಜಲಿಸ್‌ನಲ್ಲಿ ತೆರೆದ ಕೇಂದ್ರವು ಸೇವೆಗೆ ಸಂಶೋಧನೆಯನ್ನು ಜೋಡಿಸಿದುದರಿಂದ ವಿಶೇಷವಾದುದು. ಆಸ್ಟ್ರೇಲಿಯದ ಲೈಫ್‌ಲೈನ್ 1963ರಲ್ಲಿ ಸಿಡ್ನಿಯಲ್ಲಿ ಅಲನ್ ವಾಕರ್ ಎಂಬ ಪಾದ್ರಿಯಿಂದ ಸ್ಥಾಪಿತವಾಯಿತು. ಸಮರಿಟನ್ಸ್ ಮಾದರಿಯ ಕೇಂದ್ರಗಳು ಬ್ರಿಟನ್ನಿನ ಹೊರಗೂ ಹರಡಿದ ಮೇಲೆ, 1974ರಲ್ಲಿ ಬಿಫ್ರೆಂಡರ್ಸ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಏರ್ಪಟ್ಟಿತು. ಸಂಶೋಧಕರನ್ನೂ ಕಾರ್ಯಕರ್ತರನ್ನೂ ಒಂದೆಡೆ ತರುವ ಅಂತರರಾಷ್ಟ್ರೀಯ ಆತ್ಮಹತ್ಯಾ ನಿವಾರಣ ಸಂಘವು ರಿಂಗೆಲ್ ಮತ್ತು ಫಾರ್ಬರೋ ಅವರ ಪ್ರಯತ್ನದಿಂದ 1960ರಲ್ಲಿ ವಿಯೆನ್ನಾದಲ್ಲಿ ಹುಟ್ಟಿತು. ಸೆಪ್ಟೆಂಬರ್ 10ನ್ನು ವಿಶ್ವ ಆತ್ಮಹತ್ಯಾ ನಿವಾರಣ ದಿನವಾಗಿ ಆಚರಿಸುವುದು 2003ರಿಂದ ರೂಢಿಗೆ ಬಂದುದು ಈ ಸಂಘದಿಂದಲೇ.

ಕಾರ್ಯವಿಧಾನ

ಆಲಿಸುವವರು ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಆಯ್ಕೆಯಾದ ಮೇಲೆ ಹಲವು ವಾರಗಳ ತರಬೇತಿ, ಅದರಲ್ಲಿ ಕೃತಕವಾಗಿ ಕರೆಗಳನ್ನು ಸೃಷ್ಟಿಸಿ ನಡೆಸುವ ಅಭ್ಯಾಸ, ತದನಂತರ ಅನುಭವಿಗಳ ಪಕ್ಕದಲ್ಲಿ ಕುಳಿತು ಕಲಿಯುವ ಅವಧಿ, ಪಾಳಿಯ ಕೊನೆಗೆ ತಾವು ಹೊತ್ತ ಭಾರವನ್ನು ಹಿರಿಯರೊಬ್ಬರ ಮುಂದೆ ಇಳಿಸುವ ಏರ್ಪಾಡು, ಇವು ಸುವ್ಯವಸ್ಥಿತವಾದ ಕೇಂದ್ರಗಳಲ್ಲೆಲ್ಲ ಇರುತ್ತವೆ. ಹಿಂದೆ ಹೇಳಿದ ಭಾರ ಇಳಿಸುವ ಏರ್ಪಾಡು ಇಲ್ಲದೆಡೆ ಸ್ವಯಂಸೇವಕರು ಬಹುಕಾಲ ನಿಲ್ಲುವುದಿಲ್ಲ.

ಕರೆ ಅನೇಕ ವೇಳೆ ಮೌನದಿಂದ ಪ್ರಾರಂಭವಾಗುತ್ತದೆ. ಅತ್ತ ಕಡೆಯವರು ಉಸಿರಾಡುವುದು ಕೇಳಿಸುತ್ತದೆ, ಮಾತಿಲ್ಲ. ಆಲಿಸುವವರು ಫೋನ್ ಇಡುವುದಿಲ್ಲ. “ಅವಸರವಿಲ್ಲ, ನಾನು ಇಲ್ಲೇ ಇದ್ದೇನೆ” ಎಂದಷ್ಟೇ ಹೇಳಿ ಕಾಯುತ್ತಾರೆ. ಮಾತು ಬಂದಾಗಲೂ ‘ಆತ್ಮಹತ್ಯೆ’ ಎಂಬ ಪದ ಮೊದಲಿಗೆ ಬರುವುದು ಅಪರೂಪ. ಕನ್ನಡದಲ್ಲಿ ಮಾತನಾಡುವವರು “ಸಾಕಾಗಿದೆ” ಎನ್ನಬಹುದು, ಉತ್ತರ ಕರ್ನಾಟಕದವರು “ಜೀವಾ ಬ್ಯಾಸರಾಗೇತ್ರಿ” ಎನ್ನಬಹುದು, ಸಾಲದ ವಿಷಯವನ್ನೋ ಪರೀಕ್ಷೆಯ ಫಲಿತಾಂಶವನ್ನೋ ಬೇರೊಬ್ಬರ ಕಥೆಯೆಂಬಂತೆ ಹೇಳಿ ನಿಲ್ಲಿಸಿಬಿಡಬಹುದು. ಇಂಥಲ್ಲಿ ಆಲಿಸುವವರ ಮೊದಲ ಕರ್ತವ್ಯ, ಸಾಯುವ ಯೋಚನೆ ಬಂದಿದೆಯೇ ಎಂದು ಸುತ್ತಿಬಳಸದೆ ಕೇಳುವುದು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂಬ ಶಂಕೆ ಜನಸಾಮಾನ್ಯರಲ್ಲಿ ಮಾತ್ರವಲ್ಲದೆ ಉಪಾಧ್ಯಾಯರಲ್ಲಿಯೂ ವೈದ್ಯರಲ್ಲಿಯೂ ಬೇರೂರಿದೆ. ಮ್ಯಾಡೆಲಿನ್ ಗೂಲ್ಡ್ ಮತ್ತು ಸಹಸಂಶೋಧಕರು ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಪ್ರಶ್ನೆ ಕೇಳಿಸಿಕೊಂಡವರಲ್ಲಿ ವ್ಯಾಕುಲತೆಯಾಗಲಿ ಆತ್ಮಹತ್ಯೆಯ ಯೋಚನೆಯಾಗಲಿ ಹೆಚ್ಚಲಿಲ್ಲವೆಂದು ತೋರಿಸಿಕೊಟ್ಟಿತು.

ಯೋಚನೆ ಇದೆಯೆಂದು ತಿಳಿದಮೇಲೆ ಅದರ ತೀವ್ರತೆ, ಈ ಹಿಂದೆ ಪ್ರಯತ್ನ ನಡೆದಿತ್ತೇ ಎಂಬುದು, ಹತ್ತಿರ ಯಾರಿದ್ದಾರೆಂಬುದು ಇವನ್ನು ಅರಿತುಕೊಂಡು, ಅಪಾಯಕರ ವಸ್ತುಗಳನ್ನು ಕೈಗೆಟುಕದಂತೆ ದೂರವಿಡಲು ಅಥವಾ ಮತ್ತೊಬ್ಬರ ವಶಕ್ಕೆ ಕೊಡಲು ಒಪ್ಪಿಸುವುದು ಮುಂದಿನ ಹೆಜ್ಜೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ‘ಸುರಕ್ಷಾ ಯೋಜನೆ’ ಅನೇಕ ಕೇಂದ್ರಗಳಲ್ಲಿ ಬಳಕೆಯಲ್ಲಿದೆ: ಬಿಕ್ಕಟ್ಟಿನ ಮುನ್ಸೂಚನೆಗಳಾವುವು, ತಾನೊಬ್ಬನೇ ಮನಸ್ಸನ್ನು ಬೇರೆಡೆಗೆ ತಿರುಗಿಸುವ ಉಪಾಯವೇನು, ಯಾರ ಮನೆಗೆ ಹೋಗಬಹುದು, ಯಾರಿಗೆ ಹೇಳಬಹುದು, ಯಾವ ವೈದ್ಯರನ್ನು ಕಾಣಬೇಕು ಎಂಬುದನ್ನು ನೊಂದವರ ಬಾಯಿಂದಲೇ ಹೇಳಿಸಿ ಬರೆದಿಡಿಸುವ ಕ್ರಮವದು.

ಆಲಿಸುವವರು ಮಾಡದಿರಬೇಕಾದುದೂ ಅಷ್ಟೇ ಖಚಿತ. “ನಿನಗೇನು ಕಡಿಮೆಯಾಗಿದೆ?” ಎನ್ನುವುದು, ಹೆಂಡತಿ ಮಕ್ಕಳ ಗತಿಯನ್ನು ನೆನಪಿಸಿ ನಾಚಿಸುವುದು, ಧೈರ್ಯ ತಂದುಕೊ ಎಂದು ಬೋಧಿಸುವುದು, ತನ್ನ ಜೀವನದ ದೃಷ್ಟಾಂತ ಕೊಡುವುದು ಇವೆಲ್ಲ ವರ್ಜ್ಯ. ಕರೆ ಮಾಡಿದವರು ಕೇಳುವುದು ಪ್ರಶ್ನೆಯ ರೂಪದಲ್ಲಿದ್ದರೂ, ಬದುಕಬೇಕೇ ಬೇಡವೇ ಎಂಬುದಕ್ಕೆ ತೀರ್ಪು ಕೊಡುವ ಅಧಿಕಾರ ಆಲಿಸುವವರಿಗಿಲ್ಲ. ಪ್ರಶ್ನೆಯ ಹಿಂದಿರುವ ನೋವನ್ನು ಪೂರ್ತಿಯಾಗಿ ಹೇಳಿ ಮುಗಿಸಲು ಅನುವು ಮಾಡಿಕೊಡುವುದೇ ಅವರ ಕಸುಬು.

ಒಂದು ವಿಷಯದಲ್ಲಿ ಮಾತ್ರ ಸಂಪ್ರದಾಯಗಳು ಎರಡಾಗಿ ಕವಲೊಡೆದಿವೆ. ನಿರ್ಧಾರದ ಸ್ವಾತಂತ್ರ್ಯ ಕರೆ ಮಾಡಿದವರದೇ ಎಂದು ಎಣಿಸುವ ಸಮರಿಟನ್ಸ್ ಪರಂಪರೆಯು ಸಾಮಾನ್ಯವಾಗಿ ಅವರ ಸಮ್ಮತಿಯಿಲ್ಲದೆ ಪೊಲೀಸರನ್ನಾಗಲಿ ಆಂಬುಲೆನ್ಸನ್ನಾಗಲಿ ಕಳುಹಿಸುವುದಿಲ್ಲ, ಮಕ್ಕಳ ವಿಷಯದಲ್ಲಿಯೂ ಇತರ ಕೆಲವು ಸಂದರ್ಭಗಳಲ್ಲಿಯೂ ಅಪವಾದಗಳುಂಟು. ಅಮೆರಿಕದ ರಾಷ್ಟ್ರೀಯ ಸಹಾಯವಾಣಿ ಜಾಲವಾದರೋ ಪ್ರಾಣಾಪಾಯ ಸನ್ನಿಹಿತವಾಗಿದ್ದು ಬೇರೆ ದಾರಿ ಕಾಣದಿದ್ದಲ್ಲಿ ಸಮ್ಮತಿಯಿಲ್ಲದೆಯೂ ರಕ್ಷಣೆಗೆ ಜನರನ್ನು ಕಳುಹಿಸತಕ್ಕದ್ದೆಂದು ವಿಧಿಸಿದೆ. ಮೊದಲನೆಯದರಿಂದ ಕೆಲವು ಜೀವಗಳು ಕೈತಪ್ಪಬಹುದೆಂಬ ಆಕ್ಷೇಪವಿದೆ. ಎರಡನೆಯದರಿಂದ, ಬಾಗಿಲಿಗೆ ಪೊಲೀಸರು ಬಂದಾರೆಂಬ ಅಂಜಿಕೆಯಿಂದ ಕರೆಯನ್ನೇ ಮಾಡದವರು ಎಷ್ಟೋ ಎಂಬ ಆಕ್ಷೇಪವಿದೆ. ವಿವಾದ ಇನ್ನೂ ತೀರಿಲ್ಲ.

ಪ್ರಭೇದಗಳು

ಸ್ವಯಂಸೇವಕರಿಂದಲೇ ನಡೆಯುವವು, ವೇತನ ಪಡೆಯುವ ವೃತ್ತಿಪರರಿಂದ ನಡೆಯುವವು, ಇವೆರಡರ ಮಿಶ್ರಣವಾದವು ಎಂದು ಸಹಾಯವಾಣಿಗಳನ್ನು ವಿಂಗಡಿಸುವುದುಂಟು. ಎಲ್ಲರಿಗಾಗಿ ಇರುವವುಗಳಲ್ಲದೆ ಒಂದು ವರ್ಗಕ್ಕೆ ಮೀಸಲಾದವೂ ಇವೆ; ಸಂಕಟದಲ್ಲಿರುವ ಮಕ್ಕಳಿಗಾಗಿ ಭಾರತದಲ್ಲಿರುವ 1098 ಇದಕ್ಕೆ ಉದಾಹರಣೆ. ಬಿಕ್ಕಟ್ಟಿನಲ್ಲಿರುವವರಲ್ಲದೆ ಅವರ ಬಂಧುಮಿತ್ರರೂ, ಆತ್ಮಹತ್ಯೆಯಿಂದ ಆಪ್ತರನ್ನು ಕಳೆದುಕೊಂಡವರೂ ಇಂಥ ಸೇವೆಗಳಿಗೆ ಕರೆ ಮಾಡುತ್ತಾರೆ.

ಲಿಖಿತ ಮಾಧ್ಯಮ ಮತ್ತು ಅಂತರ್ಜಾಲ

ಗೋಡೆಯಾಚೆಗೆ ಕೇಳಿಸೀತೆಂಬ ಭಯದಿಂದ ಧ್ವನಿಯೆತ್ತಿ ಮಾತನಾಡಲಾಗದವರು, ಶ್ರವಣದೋಷವುಳ್ಳವರು, ಮಾತಿಗಿಂತ ಬರವಣಿಗೆಯನ್ನೇ ಬಯಸುವ ಎಳೆಯರು ಇವರಿಗಾಗಿ ಲಿಖಿತ ಸೇವೆಗಳು ಹುಟ್ಟಿದುವು. ಸಮರಿಟನ್ಸ್ 1994ರಲ್ಲಿಯೇ ಮಿಂಚಂಚೆಯ ಮೂಲಕ ಉತ್ತರಿಸತೊಡಗಿತು. ಕಿರುಸಂದೇಶಗಳಿಂದಲೇ ನಡೆಯುವ ಕ್ರೈಸಿಸ್ ಟೆಕ್ಸ್ಟ್ ಲೈನ್ ಅಮೆರಿಕದಲ್ಲಿ 2013ರಲ್ಲಿ ಆರಂಭವಾಯಿತು. ಸಾಯುವ ಬಗೆಗೆ ಹುಡುಕಿದವರಿಗೆ ಮೊಟ್ಟಮೊದಲು ಸಹಾಯವಾಣಿಯ ಸಂಖ್ಯೆ ಕಾಣುವಂತೆ ಗೂಗಲ್ 2010ರಲ್ಲಿ ಅಮೆರಿಕದಲ್ಲಿ ಏರ್ಪಾಡು ಮಾಡಿತು, ಕ್ರಮೇಣ ಅದು ಇತರ ದೇಶಗಳಿಗೂ ವಿಸ್ತರಿಸಿತು.

ಸಂಘಟಿತ ಸೇವೆಯ ಹೊರಗೆ, ಅಂತರ್ಜಾಲದಲ್ಲಿ ಕಂಡ ಯಾರನ್ನಾದರೂ ಕೇಳುವ ರೂಢಿ ಇಂದು ವ್ಯಾಪಕವಾಗಿದೆ. ಅಜ್ಞಾತತ್ವ, ನಡುರಾತ್ರಿಯಲ್ಲಿಯೂ ಎಚ್ಚರವಿರುವ ಜನ, ತಾನೂ ಇದನ್ನು ದಾಟಿಬಂದೆನೆಂದು ಹೇಳುವ ಧ್ವನಿ, ಇವು ಅದರ ಆಕರ್ಷಣೆಗಳು. ಇಲ್ಲಿ ಪ್ರಶ್ನೆ ಕೇಳುವವರ ಅಗತ್ಯವು ಸಹಾಯವಾಣಿಗೆ ಕರೆ ಮಾಡುವವರ ಅಗತ್ಯವೇ ಆಗಿದ್ದರೂ, ಉತ್ತರಿಸುವವರಿಗೆ ತರಬೇತಿಯಿಲ್ಲ, ಮೇಲ್ವಿಚಾರಣೆಯಿಲ್ಲ, ಮರುದಿನ ವಿಚಾರಿಸಬೇಕಾದ ಹೊಣೆಯೂ ಇಲ್ಲ. ಒಬ್ಬರು ಸಾಂತ್ವನ ಹೇಳಿದರೆ ಮತ್ತೊಬ್ಬರು ಕುಚೋದ್ಯ ಮಾಡಬಹುದು, ಮೂರನೆಯವರು ಅಪಾಯಕ್ಕೇ ಪ್ರಚೋದಿಸಬಹುದು. ಬಿಕ್ಕಟ್ಟನ್ನು ದಾಟಿ ಬದುಕಿದವರ ವೃತ್ತಾಂತಗಳು ಓದುಗರಲ್ಲಿ ಆತ್ಮಹತ್ಯೆಯ ಪ್ರವೃತ್ತಿಯನ್ನು ಕುಗ್ಗಿಸುವ ಸಂಭವವಿದೆಯೆಂದು ವಿಯೆನ್ನಾದ ತೋಮಸ್ ನೀಡರ್‌ಕ್ರೊಟೆನ್‌ಟಾಲರ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಮೊಟ್ಸಾರ್ಟನ ಗೀತನಾಟಕದ ಪಾತ್ರವೊಂದರಿಂದ ಇದಕ್ಕೆ ‘ಪಾಪಗೇನೋ ಪರಿಣಾಮ’ ಎಂದು ಹೆಸರು. ವಿಧಾನಗಳ ವಿವರವಾಗಲಿ, ಮರಣವನ್ನು ವೈಭವೀಕರಿಸುವ ವರ್ಣನೆಯಾಗಲಿ ಅನುಕರಣೆಗೆ ಎಡೆಗೊಡುವುದೆಂಬುದು ಅದರ ವಿಪರ್ಯಯ. ಡೇವಿಡ್ ಫಿಲಿಪ್ಸ್ 1974ರಲ್ಲಿ ಇಂಥ ಅನುಕರಣೆಯನ್ನು ನಿರೂಪಿಸಿದ್ದನು.

ಈಚೆಗೆ ಮನುಷ್ಯರಲ್ಲದ ಅಪರಿಚಿತರನ್ನೂ ಜನ ಕೇಳತೊಡಗಿದ್ದಾರೆ. ಸಂವಾದ ನಡೆಸುವ ಯಂತ್ರವೊಂದರ ತಯಾರಕರಾದ ಓಪನ್‌ಎಐ ಸಂಸ್ಥೆಯವರು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರವೊಂದರಲ್ಲಿ ಅದನ್ನು ಬಳಸುವವರಲ್ಲಿ ಶೇ. 0.15ರಷ್ಟು ಮಂದಿಯ ಮಾತುಕತೆಯಲ್ಲಿ ಆತ್ಮಹತ್ಯೆಯ ಯೋಜನೆ ಅಥವಾ ಉದ್ದೇಶದ ಸ್ಪಷ್ಟ ಲಕ್ಷಣಗಳಿರುತ್ತವೆ. ಬಳಕೆದಾರರ ಸಂಖ್ಯೆ ಕೋಟಿಗಟ್ಟಲೆಯಾದುದರಿಂದ ಈ ಅಲ್ಪಾಂಶವೂ ಲಕ್ಷಗಳನ್ನು ಮೀರುತ್ತದೆ.

ಭಾರತದಲ್ಲಿ

ಭಾರತೀಯ ದಂಡಸಂಹಿತೆಯ 309ನೆಯ ಕಲಮು ಆತ್ಮಹತ್ಯಾ ಪ್ರಯತ್ನವನ್ನು ಶಿಕ್ಷಾರ್ಹವೆಂದು ವಿಧಿಸಿದ್ದುದು ಇಲ್ಲಿಯ ಸೇವೆಗಳ ಮೇಲೆ ದೀರ್ಘಕಾಲ ನೆರಳು ಚೆಲ್ಲಿತ್ತು. ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಆ ಕಲಮನ್ನು ಅಸಿಂಧುವೆಂದಿತು, 1996ರಲ್ಲಿ ಮತ್ತೆ ಸಿಂಧುವೆಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮಿನಂತೆ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು, ಅವರನ್ನು ಶಿಕ್ಷಿಸತಕ್ಕದ್ದಲ್ಲ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಕಲಮು ಇಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದ ವಿಷಯದಲ್ಲಿ ಬಲವಂತಪಡಿಸುವ ಉದ್ದೇಶದ ಪ್ರಯತ್ನವನ್ನು ಮಾತ್ರ 226ನೆಯ ಕಲಮು ಅಪರಾಧವಾಗಿ ಉಳಿಸಿಕೊಂಡಿದೆ.

ಚೆನ್ನೈಯಲ್ಲಿ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ಸ್ಥಾಪಿಸಿದ ‘ಸ್ನೇಹಾ’ ಸ್ವಯಂಸೇವಕರಿಂದ ನಡೆಯುವ ಭಾರತೀಯ ಕೇಂದ್ರಗಳಲ್ಲಿ ಅಗ್ರಗಣ್ಯವಾದುದು. ಬೆಂಗಳೂರಿನಲ್ಲಿ ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಶನ್, ರೋಟರಿ ಬೆಂಗಳೂರು ಈಸ್ಟ್ ಮತ್ತು ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯಾದ ನಿಮ್ಹಾನ್ಸ್ ಕೂಡಿ ‘ಸಹಾಯ್’ ಎಂಬ ಸಹಾಯವಾಣಿಯನ್ನು 2002ರಲ್ಲಿ ತೆರೆದುವು. ಕರ್ನಾಟಕ ಸರ್ಕಾರದ 104 ಆರೋಗ್ಯವಾಣಿಯೂ ವೈದ್ಯಕೀಯ ಸಲಹೆಯ ಜೊತೆಗೆ ಮನೋವ್ಯಥೆಯ ಕರೆಗಳನ್ನು ಸ್ವೀಕರಿಸುತ್ತ ಬಂದಿದೆ. ದೇಶಕ್ಕೆಲ್ಲ ಸೇವೆ ಕೊಡುವ ‘ಟೆಲಿ ಮಾನಸ್’ 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಿತು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ತಾಂತ್ರಿಕ ವ್ಯವಸ್ಥೆಯಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಪಾಲುದಾರ. ರಾಜ್ಯಗಳ ಘಟಕಗಳಲ್ಲಿ ಆಪ್ತಸಮಾಲೋಚಕರು ಮೊದಲ ಕರೆಯನ್ನು ಸ್ವೀಕರಿಸಿ, ಅಗತ್ಯ ಕಂಡಲ್ಲಿ ಮನೋವೈದ್ಯರಿಗೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಸ್ಪತ್ರೆಗೋ ಒಪ್ಪಿಸುತ್ತಾರೆ.

ಫಲದ ಪರೀಕ್ಷೆ

ಹೆಸರು ಕೇಳದ ಸೇವೆಯ ಫಲವನ್ನು ಅಳೆಯುವುದು ಸಹಜವಾಗಿಯೇ ದುಸ್ತರ. ಕರೆ ಮುಗಿದ ಮೇಲೆ ಅತ್ತ ಕಡೆಯವರು ಏನಾದರೆಂಬುದನ್ನು ತಿಳಿಯುವ ದಾರಿ ಅನೇಕ ಸಂದರ್ಭಗಳಲ್ಲಿ ಇರುವುದಿಲ್ಲ. ಬ್ರಯನ್ ಮಿಶಾರಾ ಮತ್ತು ಸಹಸಂಶೋಧಕರು ಅಮೆರಿಕದ 14 ಕೇಂದ್ರಗಳಲ್ಲಿ 1,431 ಕರೆಗಳನ್ನು ಮೌನವಾಗಿ ಆಲಿಸಿ 2007ರಲ್ಲಿ ಪ್ರಕಟಿಸಿದ ವರದಿ ಕಾರ್ಯಕರ್ತರಿಗೆ ಕಹಿಯಾದುದಾಗಿತ್ತು: ಸುಮಾರು ಅರ್ಧದಷ್ಟು ಕರೆಗಳಲ್ಲಿ ಆತ್ಮಹತ್ಯೆಯ ಯೋಚನೆಯ ಬಗೆಗೆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಅದೇ ವರ್ಷ ಗೂಲ್ಡ್ ಮತ್ತು ಸಂಗಡಿಗರು 1,085 ಮಂದಿಯನ್ನು ಕರೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಪ್ರಶ್ನಿಸಿ, ಸಾಯುವ ಇಚ್ಛೆ, ನಿರಾಶೆ, ಮನೋವೇದನೆ ಇವು ಕರೆಯ ಅವಧಿಯಲ್ಲಿಯೇ ತಗ್ಗಿದುದನ್ನು ಕಂಡರು.

ಅಪರಿಚಿತರ ಸಂಪರ್ಕವು ದೀರ್ಘಕಾಲದಲ್ಲಿ ಏನು ಮಾಡಬಲ್ಲುದೆಂಬುದಕ್ಕೆ ಸಹಾಯವಾಣಿಯ ಹೊರಗಿನ ಎರಡು ಪ್ರಯೋಗಗಳು ಬೆಳಕು ಚೆಲ್ಲುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಜೆರೋಮ್ ಮೊಟೊ, ಆಸ್ಪತ್ರೆಯಿಂದ ಹೊರಬಂದು ಮುಂದಿನ ಚಿಕಿತ್ಸೆಯನ್ನು ಒಲ್ಲೆನೆಂದ 843 ಮಂದಿಯಲ್ಲಿ ಒಂದು ಗುಂಪಿಗೆ ಐದು ವರ್ಷಗಳ ಕಾಲ ಆಗಾಗ ಚಿಕ್ಕ ಪತ್ರಗಳನ್ನು ಬರೆಯಿಸಿದನು. ಕುಶಲ ಕೇಳುವುದಲ್ಲದೆ ಅವುಗಳಲ್ಲಿ ಬೇರೆ ಬೇಡಿಕೆಯಿರಲಿಲ್ಲ. ಪತ್ರ ಪಡೆದವರಲ್ಲಿ ಮೊದಲ ಎರಡು ವರ್ಷಗಳ ಆತ್ಮಹತ್ಯೆಯ ಪ್ರಮಾಣ, ಪಡೆಯದವರಿಗಿಂತ ಗಣನೀಯವಾಗಿ ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ ಸೇರಿ ಐದು ಊರುಗಳಲ್ಲಿ, ಆತ್ಮಹತ್ಯೆಗೆ ಪ್ರಯತ್ನಿಸಿ ಉಳಿದ 1,867 ಮಂದಿಯಲ್ಲಿ ಇಂಥದೇ ಪರೀಕ್ಷೆ ನಡೆಸಿತು. ಅಲ್ಪಕಾಲದ ಮಾತುಕತೆ ಹಾಗೂ ಹದಿನೆಂಟು ತಿಂಗಳ ಮರುಸಂಪರ್ಕ ದೊರೆತವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 0.2, ದೊರೆಯದವರಲ್ಲಿ ಶೇ. 2.2 ಎಂದು 2008ರ ವರದಿ ಹೇಳುತ್ತದೆ. ಇವುಗಳ ಪ್ರಭಾವದಿಂದ ಕರೆಯ ಮರುದಿನವೋ ವಾರದೊಳಗೋ, ಸಮ್ಮತಿ ಪಡೆದು, ಸಹಾಯವಾಣಿಯೇ ಮರಳಿ ಕರೆಮಾಡಿ ವಿಚಾರಿಸುವ ಪದ್ಧತಿ ಬೆಳೆಯುತ್ತಿದೆ.

ಇಂದಿನ ಸ್ಥಿತಿ

ಅಮೆರಿಕದಲ್ಲಿ 2022ರ ಜುಲೈ 16ರಿಂದ 988 ಎಂಬ ಮೂರಂಕಿಯ ಸಂಖ್ಯೆ ಜಾರಿಯಲ್ಲಿದೆ. ಬ್ರಿಟನ್ನಿನಲ್ಲಿ ಸಮರಿಟನ್ಸ್ ಸಂಸ್ಥೆಯ 116 123, ಆಸ್ಟ್ರೇಲಿಯದಲ್ಲಿ ಲೈಫ್‌ಲೈನಿನ 13 11 14 ಬಳಕೆಯಲ್ಲಿವೆ. ಭಾರತ ಸರ್ಕಾರವು 2022ರ ನವೆಂಬರಿನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಆತ್ಮಹತ್ಯಾ ನಿವಾರಣ ಕಾರ್ಯನೀತಿಯು 2030ರೊಳಗಾಗಿ ಆತ್ಮಹತ್ಯೆಯ ಮರಣಗಳನ್ನು ಶೇ. 10ರಷ್ಟು ತಗ್ಗಿಸುವ ಗುರಿಯನ್ನಿಟ್ಟುಕೊಂಡಿದೆ. ಟೆಲಿ ಮಾನಸ್ ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಅಹರ್ನಿಶಿ ಉಚಿತವಾಗಿ ದೊರೆಯುತ್ತದೆ. 2024ರ ಅಕ್ಟೋಬರಿನಿಂದ ಅದಕ್ಕೊಂದು ಆ್ಯಪ್ ಸೇರಿದ್ದು, ಮುಖ ನೋಡಿ ಮಾತನಾಡುವ ವಿಡಿಯೊ ಸಮಾಲೋಚನೆಯನ್ನು ಮೊದಲಿಗೆ ಪ್ರಯೋಗಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಟೆಲಿ ಮಾನಸ್‌ನ ಸಂಖ್ಯೆಗಳು 14416 ಮತ್ತು 1800-89-14416. ಪ್ರಾಣಾಪಾಯ ಒದಗಿರುವಲ್ಲಿ ಭಾರತದಲ್ಲಿ ಕರೆಯತಕ್ಕ ತುರ್ತುಸಂಖ್ಯೆ 112.